ಎಂಟು ಕುರ್ಚಿಗಳ ದಿಬ್ಬಣ

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಇಪ್ಪತ್ತು ನಿಮಿಷ ಇರುವಾಗಲೇ ಫಕೀರವ್ವ ಕೆಂಪಗೇರಿಯ ಡಯಾಲಿಸಿಸ್ ಕೇಂದ್ರದ ಬಾಗಿಲಲ್ಲಿದ್ದಳು. ಒಂದು ಕೈ ಸೊಸೆ ಹುಲಿಗೆಮ್ಮನ ಹೆಗಲ ಮೇಲೆ, ಇನ್ನೊಂದು ಗೋಡೆಯ ಮೇಲೆ. ಪಾದ ಬಾತು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತುಹೋಗಿತ್ತು. ಬಾಗಿಲ ಮೇಲಿನ ತೆರೆ ಅವಳ ಮುಖ ನೋಡಿತು, ಗುರುತು ಹಿಡಿಯಿತು, ನಯವಾದ ಹೆಣ್ಣು ದನಿಯಲ್ಲಿ ಹೇಳಿತು: "ಕುರ್ಚಿ ಸಂಖ್ಯೆ ಏಳು ಭರ್ತಿಯಾಗಿದೆ. ನಿಮ್ಮ ಸಹಕಾರಕ್ಕೆ ಧನ್ಯವಾದಗಳು."

"ನಾ ಎಲ್ಲಿ ಸಹಕಾರ ಕೊಟ್ನೆ ಇದಕ್ಕ?" ಎಂದಳು ಫಕೀರವ್ವ.

ಗಾಜಿನಾಚೆ ಏಳನೆಯ ಕುರ್ಚಿಯಲ್ಲಿ ಕೂತಿದ್ದವನು ಪರಕೀಯನಲ್ಲ. ಅವರ ಚಾಳಿನವನೇ, ಎರಡು ಮನೆ ಆಚೆಯ ಇಮಾಮಸಾಬ ನದಾಫ. ಐವತ್ತು ವರ್ಷ ಊರಿನ ಗಾದಿಗಳಿಗೆಲ್ಲ ಹತ್ತಿ ಹಿಂಜಿ ತುಂಬಿದ ಮನುಷ್ಯ. ಫಕೀರವ್ವನನ್ನು ಕಂಡವನೇ ಏಳಲು ಹೋದ. ನರ್ಸ್ ಗ್ರೇಸಮ್ಮ ಅವನ ಭುಜ ಹಿಡಿದು ಕೂರಿಸಿದಳು. ಸೂಜಿ ಆಗಲೇ ಚುಚ್ಚಿಯಾಗಿತ್ತು.

"ಫಕೀರವ್ವಾ, ನನಗ ಗೊತ್ತಿರಲಿಲ್ಲ ನಿಂದs ಅಂತ," ಎಂದು ಅವನು ಗಾಜಿನಾಚೆಯಿಂದ ಕೈಸನ್ನೆ ಮಾಡಿದ.

ಒಂದೇ ಕುರ್ಚಿಯನ್ನು ಯಂತ್ರ ಇಬ್ಬರಿಗೂ ಕೊಟ್ಟಿತ್ತು. ಇಬ್ಬರೂ ಬಂದಿದ್ದರು. ತಪ್ಪೆಂದರೆ ಅದೊಂದೇ.

ಗ್ರೇಸಮ್ಮ ಹೊರಗೆ ಬಂದು ಫಕೀರವ್ವನ ನಾಡಿ ಹಿಡಿದು ನೋಡಿದಳು. ಆಮೇಲೆ ಹುಲಿಗೆಮ್ಮನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದಳು. "ಹೋದ ಸಲನೂ ತಪ್ಪೈತಿ, ಈ ಸಲನೂ ತಪ್ಪಿತು. ಶುಕ್ರವಾರ ತಪ್ಪಿದ್ರ ಎದಿ ನಿಲ್ತೈತಿ ನೋಡವ್ವ. ನಾ ಸುಮ್ನ ಹೆದರಿಸಾಕತ್ತಿಲ್ಲ."

"ತುರ್ತು ವಿಭಾಗ?"

"ಬಿದ್ದ ಮ್ಯಾಲ ತುರ್ತು. ಬೀಳೂತನಕ ಏಕಪಾಳಿ."

ಏಕಪಾಳಿ ಬಂದು ಆಗ ಒಂಬತ್ತು ವರ್ಷ. ಆಸ್ಪತ್ರೆಯ ಕುರ್ಚಿ, ಬಸ್ಸಿನ ಸೀಟು, ರೇಷನ್ ಅಂಗಡಿಯ ಕಿಟಕಿ, ಕಲ್ಯಾಣ ಮಂಟಪ, ಸುಡುಗಾಡಿನ ಕಟ್ಟೆ, ಹೀಗೆ ಜನ ಕಾಯಬೇಕಾದದ್ದು ಏನೇನಿದೆಯೋ ಅಷ್ಟನ್ನೂ ಒಂದೇ ಯಂತ್ರಬುದ್ಧಿಗೆ ವಹಿಸಿಕೊಟ್ಟಿದ್ದರು. ಮೊದಮೊದಲು ಜನ ಕುಣಿದರು. ಸಾಹೇಬರ ಚೀಟಿ ಬೇಡ, ಹಿಂಬಾಗಿಲಿಲ್ಲ, ಮೊದಲು ಕೇಳಿದವರಿಗೆ ಮೊದಲು. ಆದರೆ ಯಂತ್ರಕ್ಕೆ ಖಾಲಿ ಕುರ್ಚಿಯನ್ನು ಕಂಡರಾಗದು. ಕಾಯ್ದಿರಿಸಿಕೊಂಡವರು ಬಾರದೆ ಹೋದರೆ ಕುರ್ಚಿ ವ್ಯರ್ಥವಾಗುತ್ತದಲ್ಲ? ಅದಕ್ಕೆಂದು ಪ್ರತಿಯೊಬ್ಬ ಪ್ರಜೆಗೂ ಒಂದು ‘ಬರುವಿಕೆ ಅಂಕ’ ಕಟ್ಟಿದರು, ಸೊನ್ನೆಯಿಂದ ನೂರರವರೆಗೆ. ಹೆಚ್ಚು ಅಂಕದವರಿಗೆ ಒಬ್ಬರಿಗೊಂದು ಕುರ್ಚಿ. ಕಡಿಮೆ ಅಂಕದವರಿಗೆ ಇಬ್ಬರಿಗೊಂದು. ಹೇಗೂ ಒಬ್ಬರು ಬರುವುದಿಲ್ಲ ಎಂಬುದು ಯಂತ್ರದ ನಂಬಿಕೆ. ಇಬ್ಬರೂ ಬಂದರೆ ಅಂಕ ಹೆಚ್ಚಿದ್ದವರು ಕೂರುತ್ತಾರೆ. ಇಮಾಮಸಾಬನದು ಮೂವತ್ತಮೂರು, ಫಕೀರವ್ವನದು ಮೂವತ್ತೊಂದು.

ಬಡವರನ್ನು ಹೊರಗಿಡಲು ಈಗ ಬಾಗಿಲು ಹಾಕಬೇಕಾಗಿಲ್ಲ, ಸರಾಸರಿ ತೆಗೆದರೆ ಸಾಕು.

ಅತ್ತೆಯನ್ನು ಮನೆಗೆ ಮುಟ್ಟಿಸಿ ಹುಲಿಗೆಮ್ಮ ನೇರ ಕೆಲಸಕ್ಕೆ ಹೋದಳು. ಅವಳ ಕೆಲಸ ಎಲ್ಲಿ ಎಂದು ಕೇಳಿದರೆ ನಗು ಬರಬೇಕು: ಏಕಪಾಳಿಯ ನಿಗಾ ಕೊಠಡಿಯಲ್ಲೇ. ಹತ್ತಿಗಿರಣಿ ಚಾಳಿನಿಂದ ಪರೀಕ್ಷೆ ಪಾಸಾಗಿ ಅಲ್ಲಿಗೆ ಹೋದವಳು ಅವಳೊಬ್ಬಳೇ. ಗೋಡೆ ತುಂಬ ಸಣ್ಣ ದೀಪಗಳು. ಭರ್ತಿಯಾದ ಆಸನ ಹಸಿರು, ಕಾಯ್ದಿರಿಸಿದ್ದು ಹಳದಿ, ಗೈರಾದದ್ದು ಕೆಂಪು. ಆರು ವರ್ಷ ಆ ಕೆಂಪನ್ನು ಅವಳೂ ‘ಬಾರದವರು’ ಎಂದೇ ಓದಿದ್ದಳು. ಅವತ್ತು ಮೊದಲ ಸಲ ಅತ್ತೆಯ ಕಡತ ತೆಗೆದಳು.

‘ಫಕೀರವ್ವ ಮಾದರ. ಕುರ್ಚಿ ಏಳು. ಗೈರು. ಹೊಸ ಅಂಕ: ಇಪ್ಪತ್ತೆಂಟು.’

ಅವಳು ಎದ್ದು ನಿಯಂತ್ರಕ ಸತ್ಯಬೋಧರ ಮೇಜಿಗೆ ಹೋದಳು. ಸತ್ಯಬೋಧ ಕೆಟ್ಟವರೇನಲ್ಲ. ಅಂಕಿಗಳನ್ನು ಮನುಷ್ಯರಿಗಿಂತ ಹೆಚ್ಚು ನಂಬುವ, ಯಾರಿಗೂ ಏರುದನಿಯಲ್ಲಿ ಮಾತಾಡದ ಮನುಷ್ಯ. ಅಂಥವರೇ ಹೆಚ್ಚು ಅಪಾಯದವರು.

"ಸರ್, ನಮ್ಮತ್ತಿ ಬಂದಿದ್ಲು. ನಾನs ಕರಕೊಂಡು ಹೋಗಿದ್ದೆ. ಗೈರು ಅಂತ ಬರದೈತಿ."

"ಕುರ್ಚಿ ಮ್ಯಾಲ ಅವರ ಭಾರ ಬಿದ್ದಿತ್ತೇನ್ರಿ?"

"ಕೂಡಾಕ ಬಿಡಲಿಲ್ಲಲ್ರಿ."

"ಹಂಗಾದ್ರ ಯಂತ್ರದ ಲೆಕ್ಕಕ್ಕ ಅವರು ಬಂದಿಲ್ಲ. ನೋಡ್ರಿ ಹುಲಿಗೆಮ್ಮ, ಕುರ್ಚಿಗೆ ತಿಳಿಯೋದು ಭಾರ ಒಂದs. ನಿಮ್ಮ ಚಾಳಿನ ಮಂದಿದು ಮೊದಲಿಂದ ಅಂಕ ಕಡಿಮಿ. ಹೇಳಿದ ವ್ಯಾಳ್ಯಾಕ್ಕ ಬರಂಗಿಲ್ಲ."

"ಬಸ್ ಬರಂಗಿಲ್ರಿ ಸರ್. ಅಂಕ ಕಡಿಮಿ ಅಂತ ಚಾಳಿನ ಬಸ್ಸನ್ನೂ ಇದs ಯಂತ್ರ ರದ್ದು ಮಾಡತೈತಿ."

"ಅದು ಸಾರಿಗಿ ವಿಭಾಗ. ನಮಗ ಸಂಬಂಧಿಲ್ಲ."

ಹುಲಿಗೆಮ್ಮ ತನ್ನ ಜಾಗಕ್ಕೆ ಮರಳಿದಳು. ಬಾಗಿಲ ತೆರೆಗಳು ಗುರುತಿಸಿದ ಮುಖಗಳ ಪಟ್ಟಿಯನ್ನು ಒಂದು ಕಡೆ ಇಟ್ಟಳು, ‘ಗೈರು’ ಪಟ್ಟಿಯನ್ನು ಇನ್ನೊಂದು ಕಡೆ. ಹಿಂದಿನ ತಿಂಗಳು ಜಿಲ್ಲೆಯಲ್ಲಿ ಡಯಾಲಿಸಿಸ್ ಕುರ್ಚಿಗೆ ಗೈರಾದವರು ಆರುನೂರ ಹನ್ನೆರಡು. ಅವರಲ್ಲಿ ನಾನೂರ ಎಂಬತ್ತು ಮುಖಗಳು ಬಾಗಿಲ ತನಕ ಬಂದಿದ್ದವು. ಬಂದವರು, ನಿಂತವರು, ಧನ್ಯವಾದ ಕೇಳಿಸಿಕೊಂಡು ವಾಪಸ್ ಹೋದವರು. ಅವರ ಹೆಸರುಗಳನ್ನೆಲ್ಲ ಅವಳು ಹಾಳೆಗಳಿಗೆ ಇಳಿಸಿಕೊಂಡಳು. ಯಂತ್ರದಲ್ಲಿ ‘ಬಂದರು’ ಎಂಬ ಅಂಕಣವಿತ್ತು, ‘ಬಾರಲಿಲ್ಲ’ ಎಂಬುದಿತ್ತು. ‘ಬಂದರು, ನಾವು ಕಳಿಸಿದೆವು’ ಎನ್ನಲು ಅಂಕಣವೇ ಇರಲಿಲ್ಲ. ಕಳಿಸಿದ್ದಕ್ಕೆ ಅಂಕ ಇಳಿಯುತ್ತದೆ, ಅಂಕ ಇಳಿದದ್ದಕ್ಕೆ ಮತ್ತೆ ಕಳಿಸುತ್ತದೆ. ಅದು ಸಾಲದೆಂಬಂತೆ ಇನ್ನೊಂದು ಟಿಪ್ಪಣಿ: ‘ಕೆಂಪಗೇರಿಯಲ್ಲಿ ಗೈರು ಹೆಚ್ಚಿರುವುದರಿಂದ ಬೇಡಿಕೆ ಕಡಿಮೆ ಎಂದು ತಿಳಿಯಲಾಗಿದೆ. ಎಂಟು ಕುರ್ಚಿಗಳನ್ನು ಮೀಸಲಿಗೆ ಸೇರಿಸಿದೆ.’ ಕೇಂದ್ರದ ಹಿಂದಿನ ಹಜಾರದಲ್ಲಿ ಬಿಳಿ ಬಟ್ಟೆ ಹೊದ್ದು ಕೂತ ಆ ಎಂಟನ್ನು ಅವಳು ಕಣ್ಣಾರೆ ಕಂಡಿದ್ದಳು. ಕೆಟ್ಟಿರಬೇಕು ಅಂದುಕೊಂಡಿದ್ದಳು. ಕೆಟ್ಟಿರಲಿಲ್ಲ.

ಸಂಜೆ ಚಾಳಿಗೆ ನೀರು ಬರುವ ಸರದಿ. ಎಂಟು ದಿನಕ್ಕೊಮ್ಮೆ ಬರುವ ಆ ನಲ್ಲಿಗೆ ತೆರೆ ಹಚ್ಚಲು ಏಕಪಾಳಿಯವರಿಗೆ ಇನ್ನೂ ಪುರಸೊತ್ತಾಗಿರಲಿಲ್ಲ. ಮಧ್ಯಾಹ್ನದಿಂದಲೇ ಕೊಡಗಳ ಸಾಲು ನಿಂತಿತ್ತು. ಹಿತ್ತಾಳೆಯದು, ಪ್ಲಾಸ್ಟಿಕ್ಕಿನದು, ಕುತ್ತಿಗೆ ಮುರಿದದ್ದು. ಕೊಡದ ಹತ್ತಿರ ಅದರ ಒಡತಿ ಇರಬೇಕೆಂದಿಲ್ಲ. ಒಬ್ಬಳು ರೊಟ್ಟಿ ಬಡಿಯಲು ಹೋಗಿರುತ್ತಾಳೆ, ಒಬ್ಬಳು ಕಸ ಗುಡಿಸುವ ಪಾಳಿಗೆ. ಸಾಲು ಮುಂದೆ ಸರಿದಾಗ ಹಿಂದಿನವಳು ತನ್ನದರ ಜೊತೆ ಮುಂದಿನವಳ ಕೊಡವನ್ನೂ ಸರಿಸುತ್ತಾಳೆ. ನಲ್ಲಿಯ ಬಾಯಿಗೆ ಬಂದರೆ ತುಂಬಿಯೂ ಇಡುತ್ತಾಳೆ. ಇಲ್ಲದವಳ ಪಾಳಿ ತಪ್ಪಿಸಿದವಳಿಗೆ ಚಾಳಿನಲ್ಲಿ ಯಾರೂ ಉಪ್ಪು ಸಹ ಕೊಡರು.

ಪೌರಕಾರ್ಮಿಕರ ಮುಂದಾಳು ದ್ಯಾಮವ್ವ ಬೀಡಿ ಕಚ್ಚಿಕೊಂಡು ಫಕೀರವ್ವನ ಹಿತ್ತಾಳೆ ಕೊಡವನ್ನು ಪಾದದಿಂದ ಮುಂದಕ್ಕೆ ತಳ್ಳಿದಳು. ಫಕೀರವ್ವ ಹೊರಸಿನ ಮೇಲೆ ಮಲಗಿ ಏದುಸಿರು ಬಿಡುತ್ತಿದ್ದಳು. ಕೊಡ ಅವಳ ಪರವಾಗಿ ಪಾಳಿಯಲ್ಲಿತ್ತು.

ಹುಲಿಗೆಮ್ಮ ಅದನ್ನೇ ನೋಡುತ್ತ ನಿಂತಳು. ಆಮೇಲೆ ಫೋನು ತೆಗೆದು ಹೊರಸಿನ ಕಾಲಬಳಿ ಕೂತಳು.

ಏಕಪಾಳಿಯಲ್ಲಿ ಒಂದು ಬಗೆಯ ಕಾಯ್ದಿರಿಸುವಿಕೆಗೆ ಮಾತ್ರ ವೈಯಕ್ತಿಕ ಅಂಕ ಕೇಳುವುದಿಲ್ಲ: ಗುಂಪಿನದು. ಗುಂಪೊಂದು ಇಂತಿಷ್ಟು ಆಸನ ಎಂದು ಹಿಡಿದರೆ ಮುಗಿಯಿತು. ಆಸನ ತುಂಬಿದರೆ ಸಾಕು, ಯಾರು ತುಂಬಿದರು ಎನ್ನುವುದು ಗುಂಪಿನ ಒಳಮಾತು. ಹೆಸರನ್ನು ಕಡೆಯ ನಿಮಿಷದವರೆಗೂ ಬದಲಿಸಬಹುದು. ಗುಂಪು ಕೇಳಿದರೆ ಮೀಸಲಿನಲ್ಲಿಟ್ಟ ಆಸನಗಳನ್ನೂ ತೆರೆದು ಕೊಡಬೇಕು. ಇದೆಲ್ಲ ಬಸ್ಸು, ಮಂಟಪಗಳಿಗೆಂದು ಮಾಡಿದ್ದು. ಆದರೆ ಯಂತ್ರಕ್ಕೆ ಆಸನವೆಂದರೆ ಆಸನ. ಅದು ಓಡುತ್ತದೋ, ರಕ್ತ ತೊಳೆಯುತ್ತದೋ ಎಂಬ ಗೊಡವೆ ಅದಕ್ಕಿಲ್ಲ. ಇದು ಆರು ವರ್ಷ ಅದರ ಹೊಟ್ಟೆಯೊಳಗೇ ಕೂತವಳಿಗೆ ಗೊತ್ತಿರದಿದ್ದರೆ ಇನ್ಯಾರಿಗೆ ಗೊತ್ತಿರಬೇಕು?

ಚಾಳಿನಲ್ಲಿ ಮೂತ್ರಪಿಂಡ ಕೆಟ್ಟವರು ಎಂಟು ಜನ. ಅವಳು ಶುಕ್ರವಾರದ ಒಂಬತ್ತು ಗಂಟೆಗೆ ಎಂಟು ಕುರ್ಚಿ ಒತ್ತಿದಳು. ‘ಗುಂಪಿನ ಬಗೆ ಆರಿಸಿ’ ಎಂದಿತು ಫೋನು. ಕಂಪನಿ ಸಭೆ, ಶಾಲಾ ಪ್ರವಾಸ, ತೀರ್ಥಯಾತ್ರೆ, ಮದುವೆ ದಿಬ್ಬಣ. ಮೊದಲ ಮೂರಕ್ಕೂ ಮೇಲಧಿಕಾರಿಯ ಸಹಿ ಬೇಕು. ಮದುವೆಗೆ ಬೇಡ.

"ಅತ್ತಿ, ನಿನಗೊಂದು ಮದುವಿ ಮಾಡ್ಲೇನು?"

ಫಕೀರವ್ವ ಕಣ್ಣು ತೆರೆದಳು. "ಒಂದ್ ಮಾಡ್ಕೊಂಡು ಸುಖ ಉಂಡೀನಿ. ಸಾಕು."

"ವಧು-ವರರ ಹೆಸರು ಹಾಕದs ಮುಂದ ಹೋಗವಲ್ದು ಇದು."

ಇಷ್ಟರಲ್ಲಿ ಚಾಳೆಲ್ಲ ಸುತ್ತ ನೆರೆದಿತ್ತು. ಇಮಾಮಸಾಬ ಬೆಳಗಿನ ಕುರ್ಚಿಯ ಅಪರಾಧ ಹೊತ್ತು ಮೂಲೆಯಲ್ಲಿ ನಿಂತಿದ್ದ. "ನನ್ನ ಹೆಸರು ಹಾಕವ್ವ," ಎಂದ ಮೆಲ್ಲಗೆ. "ನನ್ನ ಮನ್ಯಾಕಿ ತೀರಿಕೊಂಡು ಹತ್ತು ವರ್ಷಾತು. ಬೈಯಾಕ ಯಾರೂ ಇಲ್ಲ."

"ಇವನs?" ಫಕೀರವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಗಾದಿ ಚೊಲೊ ಮಾಡ್ತಾನ. ಹಾಕು."

ದ್ಯಾಮವ್ವ ನಕ್ಕು ನಕ್ಕು ಬೀಡಿ ಉಗುಳಿದಳು. ಫೋನಿನಲ್ಲಿ ಎಂಟು ಹಳದಿ ದೀಪ ಹೊತ್ತಿಕೊಂಡವು.

ಗುರುವಾರ ಮಧ್ಯಾಹ್ನ ಸತ್ಯಬೋಧ ಅವಳನ್ನು ಕರೆದರು. ತೆರೆಯ ಮೇಲೆ ವಧುವಿನ ವಯಸ್ಸು ಅರವತ್ತೆರಡು, ವರನದು ಅರವತ್ತೆಂಟು, ಮುಹೂರ್ತದ ಸ್ಥಳ ಡಯಾಲಿಸಿಸ್ ಕೇಂದ್ರ.

"ಏನ್ರಿ ಇದು?"

"ಮದುವಿ ದಿಬ್ಬಣ ಸರ್."

"ಮೋಸ ಅಂತಾರ ಇದಕ್ಕ."

"ಒಂದು ಕುರ್ಚಿನ ಇಬ್ಬರಿಗೆ ಕೊಡೋದಕ್ಕ ಏನಂತಾರ್ರಿ?"

ಅವರು ‘ರದ್ದು’ ಒತ್ತಿದರು. ಯಂತ್ರ ಒಪ್ಪಲಿಲ್ಲ. ಮುಹೂರ್ತಕ್ಕೆ ನಲವತ್ತೆಂಟು ಗಂಟೆಗಿಂತ ಕಡಿಮೆ ಉಳಿದಿದ್ದರೆ ಮದುವೆಯ ಕಾಯ್ದಿರಿಸುವಿಕೆಯನ್ನು ಇಲಾಖೆಯೂ ಮುರಿಯುವಂತಿಲ್ಲ. ಹಿಂದೊಮ್ಮೆ ಯಾರೋ ಮಂತ್ರಿಯ ಮಗಳ ದಿಬ್ಬಣದ ಬಸ್ಸು ರದ್ದಾಗಿ, ರಾತ್ರೋರಾತ್ರಿ ಹಾಕಿದ ನಿಯಮ. ದೊಡ್ಡವರು ತಮಗೆಂದು ತೋಡಿಕೊಂಡ ಬಾವಿಯಿಂದ ಚಾಳು ಮೊದಲ ಕೊಡ ಎತ್ತಿತ್ತು.

ಸತ್ಯಬೋಧ ನಿಯಮಾವಳಿಯನ್ನು ಕೊನೆಯತನಕ ಓದಿ ಕನ್ನಡಕ ತೆಗೆದರು. "ಆತು. ಆದ್ರ ಇದನ್ನೂ ಓದಿಕೊಳ್ರಿ. ಒಂಬತ್ತಕ್ಕ ಎಂಟೂ ಆಸನದ ಮ್ಯಾಲ ಭಾರ ಇರಬೇಕು. ಒಂದು ಖಾಲಿ ಇದ್ರೂ ಎಂಟೂ ಬಿದ್ದು ಹೋಗ್ತಾವ. ಆಮ್ಯಾಲ ಆ ಗುಂಪಿನವರಿಗೆ ಒಂದು ವರ್ಷ ಪಾಳಿ ಇಲ್ಲ. ನಿಮ್ಮ ಮಂದಿ ವ್ಯಾಳ್ಯಾಕ್ಕ ಬರ್ತಾರ ಅಂತ ನಂಬೀರಿ?" ಅವಳ ಗುರುತಿನ ಕಾರ್ಡಿಗೆ ಕೈಚಾಚಿದರು. "ನಾಳೆ ಕೆಲಸಕ್ಕ ಬರಬ್ಯಾಡ್ರಿ."

"ನಾಳೆ ಹೆಂಗೂ ಬರಾಕ ಆಗಂಗಿಲ್ರಿ ಸರ್," ಎಂದು ಹುಲಿಗೆಮ್ಮ ಕಾರ್ಡು ಮೇಜಿನ ಮೇಲಿಟ್ಟಳು. "ಮನ್ಯಾಗ ಮದುವಿ."

ಶುಕ್ರವಾರ ಏಳೂವರೆಗೆ ಬರಬೇಕಾದ ಬಸ್ಸು ಬರಲಿಲ್ಲ. ಎಂಟಾಯಿತು. ಎಂಟೂ ಹತ್ತಕ್ಕೆ ಫೋನಿನಲ್ಲಿ ಸಂದೇಶ ಬಂತು: ‘ಹತ್ತಿಗಿರಣಿ ಚಾಳಿನ ಪ್ರಯಾಣಿಕರ ಬರುವಿಕೆ ಸಂಭವ ಕಡಿಮೆಯಿರುವುದರಿಂದ ಸೇವೆ ರದ್ದಾಗಿದೆ.’ ಎಂಟು ಜನ ರೋಗಿಗಳು ಹೊಸ ಸೀರೆ, ಇಸ್ತ್ರಿ ಅಂಗಿ ತೊಟ್ಟು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದರು. ಸಂಭವ ಕಡಿಮೆಯಿರುವವರು ಏಳಕ್ಕೇ ಬಂದು ಕೂತಿದ್ದರು. ಆಸ್ಪತ್ರೆ ಐದು ಕಿಲೋಮೀಟರ್. ಫಕೀರವ್ವನಿಗೆ ಐದು ಹೆಜ್ಜೆ ಕಷ್ಟ. ತುಟಿ ನೀಲಿಗೆ ತಿರುಗುತ್ತಿತ್ತು.

ಹುಲಿಗೆಮ್ಮ ದ್ಯಾಮವ್ವನಿಗೆ ಫೋನು ಹಚ್ಚಿದಳು. ಪೌರಕಾರ್ಮಿಕರ ಬೆಳಗಿನ ಪಾಳಿ ನಡೆದಿತ್ತು. ಆ ವಾರ ಆಸ್ಪತ್ರೆ ರಸ್ತೆ ಅವರದೇ.

"ಚಿಗವ್ವ, ಬಸ್ ಬರಲಿಲ್ಲ. ನಮಗ ಒಂಬತ್ತಕ್ಕ ಮುಟ್ಟಾಕ ಆಗಂಗಿಲ್ಲ."

ಆ ಕಡೆ ಪೊರಕೆಯ ಸದ್ದು ನಿಂತಿತು. "ಎಷ್ಟ್ ಕೊಡ ಇಡಬೇಕು?"

"ಎಂಟು."

"ನಾವು ಏಳು ಮಂದಿ ಅದೀವಿ." ದ್ಯಾಮವ್ವ ಮುಂದುವರಿಸಿದಳು, "ನೀ ಹೆಸರು ಬರಕೊ. ನಾವು ಕಾಲು ತೊಳಕೊಂಡು ಒಳಗ ಹೊಂಟೀವಿ. ನಮ್ಮ ಕಸದ ಗಾಡಿ ಖಾಲಿ ಮಾಡಿ ಕಳಸ್ತೀನಿ, ಅದರಾಗ ಮುದುಕಿನ ಹಾಕ್ಕೊಂಡು ಬಾ."

ಎಂಟೂವರೆಗೆ ಕಸದ ಗಾಡಿ ಬಂತು. ತೊಳೆದ ನೀರು ಇನ್ನೂ ಸೋರುತ್ತಿತ್ತು. ಚಾಳಿನ ಗಂಡಸರು ಇಮಾಮಸಾಬನ ಎರಡು ಗಾದಿ ಹಾಸಿ ರೋಗಿಗಳನ್ನು ಎತ್ತಿ ಮಲಗಿಸಿದರು. ಹಿಂದೆ ತಳ್ಳುಗಾಡಿ, ಅದರ ಹಿಂದೆ ನಡೆಯುವವರು. ಮಂಗಳಾರತಿ, ಬ್ಯಾಂಡು ಒಂದೂ ಇಲ್ಲದ ದಿಬ್ಬಣ ಹೊರಟಿತು.

ಗಾಡಿಯ ಕುಲುಕಾಟದಲ್ಲಿ ಹುಲಿಗೆಮ್ಮ ಒಂದು ತೊಡೆಯ ಮೇಲೆ ಅತ್ತೆಯ ತಲೆ, ಇನ್ನೊಂದರ ಮೇಲೆ ಫೋನು ಇಟ್ಟುಕೊಂಡು ಹೆಸರು ಬದಲಿಸುತ್ತಿದ್ದಳು. ದ್ಯಾಮವ್ವ, ಹಸಿರು. ಒಬ್ಬೊಬ್ಬರಾಗಿ ಗುಡಿಸುವ ಹೆಂಗಸರು ಬಿಳಿ ಬಟ್ಟೆ ಸರಿಸಿ ಕೂರುತ್ತ ಹೋದಂತೆ ಎರಡು ಹಸಿರು, ನಾಲ್ಕು, ಆರು. ಎಂಟೂ ಐವತ್ತಾರಕ್ಕೆ ಏಳು ಹಸಿರು. ಎಂಟನೆಯದು ಹಳದಿಯಲ್ಲೇ ನಿಂತಿತು. ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು.

"ಚಿಗವ್ವ, ಇನ್ನೊಬ್ಬರು."

"ಯಾರದಾರ ಇಲ್ಲಿ? ಕಾವಲುಗಾರನ್ನ ಕರದೆ, ನೌಕರಿ ಹೋಗ್ತೈತಿ ಅಂತಾನ." ಫೋನಿನಲ್ಲಿ ಗದ್ದಲ ಕೇಳಿಸಿತು. ಹೊರಗೆ ಹೋಗಿ ಎಂದು ಯಾರೋ ಗದರುತ್ತಿದ್ದರು. ದ್ಯಾಮವ್ವ ಅವರಿಗೆ ಹೇಳುತ್ತಿದ್ದಳು, "ಏಳಂಗಿಲ್ಲೋ ತಮ್ಮಾ, ನಾವು ಬೀಗರು."

ಎಂಟೂ ಐವತ್ತೆಂಟು. ಫಕೀರವ್ವನ ಉಸಿರು ಎರಡು ಸಲ ತಡೆದು ಮತ್ತೆ ಬಂತು. ಆಗ ಫೋನಿನಲ್ಲಿ ಬೇರೊಂದು ದನಿ ಕೇಳಿತು. ಗ್ರೇಸಮ್ಮ.

"ನನ್ನ ಹೆಸರು ಹಾಕ್ಕೊ ಹುಲಿಗೆಮ್ಮ. ಗ್ರೇಸಮ್ಮ ದೇವಪ್ಪ ಹಳ್ಳೂರ. ಲಗೂನ. ಮೂರು ವರ್ಷ ಆ ಬಾಗಲದಾಗ ನಿಂತು ವಾಪಸ್ ಕಳಿಸೀನಿ, ಒಂದಿನ ನಾನೂ ಕೂಡ್ತೀನಿ."

ಹುಲಿಗೆಮ್ಮ ಕೊನೆಯ ಅಕ್ಷರ ಒತ್ತಿದಳು. ಎಂಟನೆಯ ದೀಪ ಹಸಿರಾಯಿತು. ಸರಿಯಾಗಿ ಒಂಬತ್ತಕ್ಕೆ ಯಂತ್ರ ಅದೇ ನಯವಾದ ದನಿಯಲ್ಲಿ ಹೇಳಿತು: "ದಿಬ್ಬಣ ಪೂರ್ತಿ ಆಗಮಿಸಿದೆ. ಶುಭವಾಗಲಿ."

ಗಾಡಿ ಮುಟ್ಟಿದಾಗ ಒಂಬತ್ತೂ ಇಪ್ಪತ್ತೈದು. ಹಿಂದಿನ ಹಜಾರದಲ್ಲಿ ಎಂಟು ಹೆಂಗಸರು ರಾಣಿಯರ ಹಾಗೆ ಕುರ್ಚಿ ಹಿಡಿದು ಕೂತಿದ್ದರು. ಏಳು ಮಂದಿಯಂತೂ ವರ್ಷಗಳಿಂದ ಆ ಕಟ್ಟಡದ ಹೊಲಸು ಎತ್ತುತ್ತ ಬಂದವರು, ಅಲ್ಲಿಯ ಕುರ್ಚಿಯ ಮೇಲೆ ಅವತ್ತಿನವರೆಗೆ ಒಮ್ಮೆಯೂ ಕೂತಿರದವರು. ಒಬ್ಬೊಬ್ಬ ರೋಗಿ ಬಂದಂತೆ ಒಬ್ಬೊಬ್ಬಳು ಎದ್ದಳು. ಗ್ರೇಸಮ್ಮ ತಾನು ಎದ್ದ ಕುರ್ಚಿಯಲ್ಲೇ ಫಕೀರವ್ವನನ್ನು ಕೂರಿಸಿ ಸೂಜಿ ಹಿಡಿದಳು. ರಕ್ತ ತೊಳೆಯುವ ಯಂತ್ರ ಕೆಂಪಗೆ ಮಿನುಗಿ ಕೂಗಿತು, ನಾಡಿ ಜಾರಿತು, ಗ್ರೇಸಮ್ಮ ಮತ್ತೊಂದು ಚುಚ್ಚುಮದ್ದು ಕೊಟ್ಟಳು. ಹುಲಿಗೆಮ್ಮ ಅತ್ತೆಯ ಅಂಗಾಲು ತಿಕ್ಕುತ್ತ ನಿಂತಳು. ಹತ್ತು ನಿಮಿಷ ಹೀಗೇ ಹೋಯಿತು. ಆಮೇಲೆ ಕೊಳವೆಯಲ್ಲಿ ರಕ್ತ ಒಂದೇ ಲಯದಲ್ಲಿ ಹರಿಯತೊಡಗಿತು.

ಒಂದು ತಾಸಿಗೆ ಫಕೀರವ್ವ ಕಣ್ಣು ಬಿಟ್ಟು ಪಕ್ಕದ ಕುರ್ಚಿಯತ್ತ ನೋಡಿದಳು. "ಏನೋ ಮದುಮಗಾ, ಊಟಕ್ಕ ಏನ್ ಮಾಡಿಸೀಯೊ?"

"ಉಪ್ಪಿಲ್ಲದ ಗಂಜಿ," ಎಂದ ಇಮಾಮಸಾಬ.

ಹಜಾರವೇ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಮುಖ ಆಚೆ ತಿರುಗಿಸಿ ನಕ್ಕ.

ಮುಂದಿನದು ಚಾಳಿನ ಕೈಮೀರಿ ನಡೆಯಿತು. ದ್ಯಾಮವ್ವನ ಸಂಘದವರು ಇದನ್ನು ಊರಿಂದೂರಿಗೆ ಹೇಳಿದರು. ಬೀಡಿ ಕಟ್ಟುವವರ ಕೇರಿ, ಕಲ್ಲು ಒಡೆಯುವವರ ಕಾಲೊನಿ, ಎಲ್ಲೆಲ್ಲಿ ಅಂಕ ಇಳಿದಿತ್ತೋ ಅಲ್ಲೆಲ್ಲ ಮದುವೆಗಳು ನಿಶ್ಚಯವಾದವು. ಮೂರು ವಾರದಲ್ಲಿ ಐನೂರು ದಿಬ್ಬಣ. ಒಬ್ಬ ವಧುವಿಗೆ ಎಂಬತ್ತೊಂದು ವರ್ಷ. ಒಂದು ಆಸನವೂ ಖಾಲಿ ಬೀಳಲಿಲ್ಲ. ತಡವಾದವರ ಜಾಗದಲ್ಲಿ ನೆರೆಯವರು ಕೂತರು, ಬಂದವರಿಗೆ ಎದ್ದುಕೊಟ್ಟರು. ಜಿಲ್ಲೆಯಲ್ಲಿ ಬಟ್ಟೆ ಹೊದ್ದಿದ್ದ ಕುರ್ಚಿಗಳೆಲ್ಲ ಬಟ್ಟೆ ಕಳಚಿದವು. ರದ್ದಾಗುತ್ತಿದ್ದ ಬಸ್ಸುಗಳನ್ನೂ ದಿಬ್ಬಣದ ಹೆಸರಲ್ಲೇ ಹಿಡಿದರು. ನಿಗಾ ಕೊಠಡಿಯ ಗೋಡೆ ಒಂಬತ್ತು ವರ್ಷದಲ್ಲಿ ಮೊದಲ ಸಲ ಪೂರ್ತಿ ಹಸಿರಾಯಿತು.

ಆ ಹಸಿರಿನ ಕೆಳಗೆ, ಕಚೇರಿಯ ಅಂಗಳದಲ್ಲಿ, ಒಂದು ಸೋಮವಾರ ಮೂರು ಸಾವಿರ ಜನ ಬಂದು ಕೂತರು. ಯಾರೂ ಕಲ್ಲೆಸೆಯಲಿಲ್ಲ. ನಾನೂರ ಎಂಬತ್ತು ಹೆಸರಿನ ಪಟ್ಟಿಯನ್ನು ಹುಲಿಗೆಮ್ಮ ಗಟ್ಟಿಯಾಗಿ ಓದಿದಳು. ಪ್ರತಿ ಹೆಸರಿಗೂ ಜನ "ಬಂದಿದ್ರು" ಎಂದರು. ಮೂವತ್ತಾರು ಹೆಸರುಗಳಿಗೆ ಓಗೊಡಲು ಅವರು ಬದುಕಿರಲಿಲ್ಲ. ಅವರ ಮನೆಯವರು ಎದ್ದು ನಿಂತು "ಬಂದಿದ್ರು" ಎಂದರು. ಎರಡೂವರೆ ತಾಸು ನಡೆದ ಆ ಓದನ್ನು ಸತ್ಯಬೋಧ ಕಿಟಕಿಯಲ್ಲಿ ನಿಂತು ಪೂರ್ತಿ ಕೇಳಿದರು. ಆಮೇಲೆ ಕೆಳಗಿಳಿದು ಬಂದರು.

"ಮದುವಿಗಳಿಗೆ ಶಾಶ್ವತ ಅನುಮತಿ ಕೊಡಸ್ತೀನಿ," ಎಂದರು.

"ಬ್ಯಾಡ್ರಿ," ಎಂದಳು ಹುಲಿಗೆಮ್ಮ. "ನಾವು ಸುಳ್ಳು ಹೇಳಿ ಬದುಕೂದು ಯಾಕ? ಬರುವಿಕೆ ಅಂಕ ತೆಗೀರಿ. ಒಬ್ಬರಿಗೆ ಒಂದು ಕುರ್ಚಿ. ತಡ ಆದ್ರ ನೆರಮನಿಯವರು ಹಿಡಿದಿಡಬೇಕು, ಅದು ನಿಯಮ ಆಗಬೇಕು. ಮತ್ತ, ವಾಪಸ್ ಕಳಿಸಿದ್ರ ನೀವು ಕಳಿಸೀರಿ ಅಂತ ಬರೀಬೇಕು, ಕಳಿಸಿದವರ ಹೆಸರಿನ್ಯಾಗ."

ಸತ್ಯಬೋಧ ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡರು. "ಲೆಕ್ಕ ಸರಿ ಇತ್ತು ಅಂತ ತಿಳಿದಿದ್ದೆ," ಎಂದರು, ಯಾರಿಗೆಂದಿಲ್ಲದೆ. ಹೋಗಿ ವರದಿ ಬರೆದರು. ಸರ್ಕಾರ ಹತ್ತು ದಿನ ಕೊಸರಾಡಿತು. ಹನ್ನೊಂದನೆಯ ದಿನ ಅಂಕ ಕಟ್ಟುವ ಆ ತುಣುಕನ್ನು ಯಂತ್ರದಿಂದ ಕಿತ್ತು ಹಾಕುವ ಆದೇಶ ಬಂತು. ಕೀಳುವ ಕೆಲಸಕ್ಕೆ ಹುಲಿಗೆಮ್ಮನನ್ನೇ ಕರೆದರು. ಕಾರ್ಡು ವಾಪಸ್ ಕೊಟ್ಟರೆ ಮಾತ್ರ ಬರುತ್ತೇನೆ ಎಂದಳು. ಕೊಟ್ಟರು.

ಆಮೇಲಿನ ಮಂಗಳವಾರ ಚಾಳಿನ ಬಸ್ಸು ಸಮಯಕ್ಕೆ ಬಂತು. ಚಿಕಿತ್ಸೆ ಮುಗಿಸಿಕೊಂಡು ಫಕೀರವ್ವ ಯಾರ ಹೆಗಲನ್ನೂ ಹಿಡಿಯದೆ ಬಾಗಿಲತನಕ ನಡೆದಳು. ಬಾಗಿಲ ತೆರೆಗೆ ಹೊಸ ಮಾತು ಕಲಿಸಿದ್ದರು. ಊಹಿಸುವುದನ್ನು ಬಿಟ್ಟ ಯಂತ್ರ ಈಗ ಕೇಳಬೇಕಿತ್ತು.

"ಶುಕ್ರವಾರ ಬರುತ್ತೀರಾ?" ಎಂದಿತು.

ಫಕೀರವ್ವ ನಿಂತಳು. ಸೆರಗು ಸರಿಪಡಿಸಿಕೊಂಡು, ತೆರೆಗೆ ತನ್ನ ಮುಖ ಪೂರ್ತಿ ಕಾಣುವಷ್ಟು ಹತ್ತಿರ ಹೋದಳು. ಹಿಂದಿದ್ದವರು ಅವಸರ ಮಾಡದೆ ಕಾದರು.

"ಬರ್ತೀನಿ," ಎಂದಳು. "ನಿನ್ನ ಬಾಗಲಾ ತಗದಿಡು."